ಮೀಟರ್ ಡಬ್ಬಿಯನ್ನು ಸುತ್ತಿ ಹೋದ ಗೀಟು

ಪೆರುಮಾಳ್ ತೀರಿಕೊಂಡ ನಾಲ್ಕನೆಯ ದಿನ ಸೆಲ್ವಿ ಅವನ ಬ್ರಷ್ಷುಗಳನ್ನೆಲ್ಲ ಟರ್ಪಂಟೈನಿನಲ್ಲಿ ತೊಳೆದು, ಲೈನ್ ಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಒಣಹಾಕಿದಳು. ಇದ್ದಾಗ ಆ ಕೆಲಸವನ್ನು ಅವನು ಹೆಂಡತಿಗೂ ಬಿಟ್ಟವನಲ್ಲ. ಒಟ್ಟು ಹದಿನೇಳು ಬ್ರಷ್ಷು. ಅವುಗಳಲ್ಲಿ ಒಂದು ತೀರ ಸಣ್ಣದು, ನಾಲ್ಕೈದು ಕೂದಲಷ್ಟೇ ಉಳಿದದ್ದು. ಪೊಲೀಸ್ ಠಾಣೆಯ ಗೋಡೆಯ ಮೇಲೆ ಸರಹದ್ದಿನ ಗೀಟು ಎಳೆಯುವುದಕ್ಕೆಂದೇ ಅದನ್ನು ಬೇರೆ ಇಟ್ಟುಕೊಂಡಿದ್ದ. ಅದಕ್ಕೊಂದು ಬೀಡಿ ಕಟ್ಟಿನ ಕಾಗದದ ಟೊಪ್ಪಿಗೆ ಬೇರೆ.

ಅವನು ಹುಟ್ಟಿದ್ದು ಮೈಸೂರು ಮೈನ್ಸಿನಲ್ಲಿ, ಕೆಜಿಎಫ್ ಚಿನ್ನದ ಗಣಿಯ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದವನು. ಮಗ ಇಳಿಯಬಾರದೆಂದು ಹಟ ಹಿಡಿದು ಬೋರ್ಡು ಬರೆಯುವವರ ಕೈಕೆಳಗೆ ಬಿಟ್ಟ. ಗಣಿಯಲ್ಲಿ ಎಲ್ಲ ಎಚ್ಚರಿಕೆಗಳೂ ನಾಲ್ಕು ಭಾಷೆಯಲ್ಲಿ ಇರಬೇಕಿತ್ತು. ಮನೆಯಲ್ಲಿ ತಮಿಳು ಬಿಟ್ಟು ಬೇರೆ ಗೊತ್ತಿಲ್ಲದ ಹುಡುಗ ಕನ್ನಡವನ್ನೂ ತೆಲುಗನ್ನೂ ಮೊದಲು ಬಿಡಿಸಿದ, ಆಮೇಲೆ ಓದಿದ. 'ಅಪಾಯ' ಎನ್ನುವುದು ಅವನು ಕನ್ನಡದಲ್ಲಿ ಓದಲು ಕಲಿತ ಮೊದಲ ಮಾತು. ಹಾಗೆ ಹೇಳಿಕೊಂಡು ತಾನೇ ನಗುತ್ತಿದ್ದ.

ಗಣಿ ಮುಚ್ಚಿದಾಗ ಅವನಿಗೆ ಮೂವತ್ತೊಂದು. ಆಂಡರ್ಸನ್‌ಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆದ, ಶಾಲೆಗಳ ಗೋಡೆ ಬರೆದ. ಫ್ಲೆಕ್ಸ್ ಬಂದು ಅಂಗಡಿಯವರೆಲ್ಲ ಅದರ ಕಡೆ ಹೋದ ಮೇಲೆ ಅವನನ್ನು ಬಿಡದೆ ಹಿಡಿದುಕೊಂಡವರು ಪೊಲೀಸರು. ಠಾಣೆ ಎಂದರೆ ಬರೆಯುವುದು ಬಹಳ ಇರುತ್ತದೆ. ಬಂದುಹೋದ ಸಬ್‌ಇನ್‌ಸ್ಪೆಕ್ಟರುಗಳ ಹೆಸರು, ವರ್ಷವಾರು ಅಪರಾಧಗಳ ಪಟ್ಟಿ, ವ್ಯಾಪ್ತಿಗೆ ಸೇರಿದ ಊರುಗಳು, ಎಲ್ಲಕ್ಕಿಂತ ದೊಡ್ಡದಾಗಿ ಸರಹದ್ದಿನ ನಕ್ಷೆ. ಅಧಿಕಾರಿ ಬದಲಾದರೆ ಒಂದು ಹೆಸರು, ವರ್ಷ ಬದಲಾದರೆ ಒಂದು ಸಾಲು. ಹಾಗೆ ಅವನ ಹೊಟ್ಟೆ ತುಂಬುತ್ತಿತ್ತು.

ಕೆಜಿಎಫ್‌ನವರಿಗೆ ಗೊತ್ತಿರುವುದೇ, ಹೊರಗಿನವರಿಗೆ ಹೇಳಬೇಕು: ಇಲ್ಲಿನವರಿಗೆ ಎರಡು ಜಿಲ್ಲೆ. ಪಹಣಿಗೆ, ಜಾತಿ ಸರ್ಟಿಫಿಕೇಟಿಗೆ ಕೋಲಾರ ಜಿಲ್ಲೆ. ಕಳ್ಳತನವಾದರೆ, ಹೊಡೆದಾಟವಾದರೆ ಕೆಜಿಎಫ್ ಜಿಲ್ಲೆ. ಚಿನ್ನ ಕಾಯಲೆಂದು ಒಂದು ಕಾಲಕ್ಕೆ ಇಲ್ಲಿಗೇ ಬೇರೆ ಪೊಲೀಸ್ ಜಿಲ್ಲೆ ಮಾಡಿದರಂತೆ. ಚಿನ್ನ ತೆಗೆಯುವುದು ನಿಂತರೂ ಅದು ನಿಲ್ಲಲಿಲ್ಲ. ಬಂಗಾರಪೇಟೆ ಕಡೆಯ ಹಳ್ಳಿಗಳೂ ಅದರೊಳಗೇ. ಹಾಗಾಗಿ ಪಡುವಣದ ಕಡೆ, ಮಾಲೂರಿನ ದಿಕ್ಕಿಗೆ, ಒಂದೇ ಕೋಲಾರದ ಹೊಲಗಳ ನಡುವೆ ಕಣ್ಣಿಗೆ ಕಾಣದ ಒಂದು ಗೀಟು ಹಾದುಹೋಗುತ್ತದೆ. ಈಚೆ ಕಳುವಾದರೆ ಕೆಜಿಎಫ್ ಎಸ್ಪಿ, ಆಚೆ ಕಳುವಾದರೆ ಕೋಲಾರದ ಎಸ್ಪಿ. ಆ ಗೀಟನ್ನು ಜನ ನೋಡಬಹುದಾಗಿದ್ದದ್ದು ಠಾಣೆಯ ಗೋಡೆಯ ಮೇಲೆ ಮಾತ್ರ.

ಪೆರುಮಾಳ್ ಅದನ್ನು ಸುಮ್ಮನೆ ಎಳೆಯುತ್ತಿರಲಿಲ್ಲ. ಬೇರೆ ಪೇಂಟರುಗಳು ಕಚೇರಿ ಕೊಟ್ಟ ಹಳೆಯ ನಕ್ಷೆಯನ್ನು ಚೌಕ ಹಾಕಿ ದೊಡ್ಡದು ಮಾಡಿ ಮುಗಿಸುತ್ತಿದ್ದರು. ಇವನು ನಕ್ಷೆ ಮಡಚಿ ಜೇಬಿಗಿಟ್ಟುಕೊಂಡು ಟಿವಿಎಸ್ ಹತ್ತಿ ಸರಹದ್ದಿನ ಉದ್ದಕ್ಕೂ ಒಂದು ಸುತ್ತು ಹೋಗಿಬರುತ್ತಿದ್ದ. ಯಾವ ಕೆರೆಯ ಕೋಡಿಯ ಹತ್ತಿರ ತಿರುಗುತ್ತದೆ, ಯಾವ ಹುಣಸೆಮರ ಯಾರ ಪಾಲಿಗೆ, ಗೆಜೆಟ್ಟಿನಲ್ಲಿ ಹೆಸರೇ ಇಲ್ಲದ ಹತ್ತು ಮನೆಯ ಊರು ಯಾವುದು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ. ಹುಣಸೆಕುಂಟೆ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಆಗಿದ್ದ ಹೆಡ್ ಕಾನ್‌ಸ್ಟೇಬಲ್ ಕಾಂತರಾಜ್ ತಮಾಷೆ ಮಾಡುತ್ತಿದ್ದ, ನೀನೇನು ಸರ್ವೆ ಇಲಾಖೆಯವನಾ ಅಂತ. ಊರು ಬಿಟ್ಟುಹೋದರೆ ಆ ಊರಿನವರು ಎಲ್ಲಿಗೆ ಹೋಗಬೇಕು ಸಾರ್, ಅನ್ನುತ್ತಿದ್ದ ಪೆರುಮಾಳ್. ಅವರಿಬ್ಬರ ಸ್ನೇಹ ಶುರುವಾದದ್ದು ಹಾಗೆ. ಕೊನೆಯವರೆಗೂ ಒಬ್ಬ ಇನ್ನೊಬ್ಬನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಇವನಿಗೆ ಅವನು 'ರೈಟರ್ ಸಾರ್', ಅವನಿಗೆ ಇವನು 'ಪೇಂಟರ್'.

ಇಷ್ಟು ಎಚ್ಚರದ ಮನುಷ್ಯ ತಪ್ಪು ಮಾಡಿದ್ದು ಒಂದೇ ಸಲ. ಅದು ಎರಡು ಸಾವಿರದ ಒಂಬತ್ತರಲ್ಲಿ, ಹುಣಸೆಕುಂಟೆ ಠಾಣೆಯಲ್ಲಿ.

ಮಾರನೆಯ ದಿನ ವಾರ್ಷಿಕ ತಪಾಸಣೆ. ಬಣ್ಣ ಒಣಗಬೇಕಾದರೆ ಮಧ್ಯಾಹ್ನದೊಳಗೆ ಮುಗಿಯಬೇಕು. ಬಲಗಡೆಯಿಂದ ಊರುಗಳನ್ನು ತುಂಬಿಕೊಂಡು ಬಂದು ಪಡುವಣದ ಅಂಚಿಗೆ ತಲುಪಿದಾಗ ನೋಡುತ್ತಾನೆ, ಗೋಡೆಯ ಮೇಲೆ ಕರೆಂಟಿನ ಮೀಟರ್ ಡಬ್ಬಿ. ಅದರ ಎಡಕ್ಕೆ ನಾಲ್ಕು ಬೆರಳು ಜಾಗ, ಆಮೇಲೆ ಬಾಗಿಲ ಚೌಕಟ್ಟು. ಸರಹದ್ದಿನ ಗೀಟು ನ್ಯಾಯವಾಗಿ ಹೋಗಬೇಕಾದದ್ದು ಡಬ್ಬಿಯ ಎಡದಿಂದ. ಕೊತ್ತಿಂಡ್ಲು ಎಂಬ ಇಪ್ಪತ್ತೆಂಟು ಮನೆಯ ಊರು ಕೂರಬೇಕಾದದ್ದು ಸರಿಯಾಗಿ ಡಬ್ಬಿಯ ಮೇಲೆ. ಡಬ್ಬಿ ಮುಟ್ಟುವ ಹಾಗಿಲ್ಲ. ಹೊಸದಾಗಿ ಅಳತೆ ಹಾಕಿ ನಕ್ಷೆಯನ್ನೇ ಬಲಕ್ಕೆ ಸರಿಸಲು ಹೊತ್ತಿಲ್ಲ. ಪೆರುಮಾಳ್ ಗೀಟನ್ನು ಡಬ್ಬಿಯ ಬಲಗಡೆಯಿಂದ ಬಳಸಿ ತಂದ. ಕೊತ್ತಿಂಡ್ಲು ಎಂಬ ಹೆಸರನ್ನು ಗೀಟಿನ ಆಚೆಗೆ, ಬಾಗಿಲ ಪಕ್ಕದ ನಾಲ್ಕು ಬೆರಳಿನ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದ. ಡಬ್ಬಿ ತೆಗೆದಾಗ ಬಂದು ಸರಿ ಮಾಡಿದರಾಯಿತು, ಅಷ್ಟರತನಕ ಠಾಣೆಯವರಿಗೆಲ್ಲ ಗೊತ್ತೇ ಇದೆಯಲ್ಲ ಅಂದುಕೊಂಡ. ತಪಾಸಣೆಗೆ ಬಂದ ಅಧಿಕಾರಿ ನಕ್ಷೆ ನೋಡಿ ಯಾರು ಬರೆದದ್ದು ಎಂದು ಕೇಳಿದರು. ಕಾಂತರಾಜ್ ಅದನ್ನು ತನ್ನದೇ ಹೊಗಳಿಕೆ ಎಂಬಂತೆ ಬಂದು ಹೇಳಿದ.

ಅಲ್ಲಿಗೆ ಪೆರುಮಾಳ್ ಅದನ್ನು ಮರೆತ. ಕಾಂತರಾಜ್‌ಗೆ ವರ್ಗವಾಯಿತು. ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋದರು.

ಇವನಿಗೆ ಎದೆ ಹಿಡಿಯುವುದು ಶುರುವಾದದ್ದು ಐವತ್ತು ದಾಟಿದ ಮೇಲೆ. ಇಷ್ಟು ವರ್ಷದ ಪೇಂಟಿನ ಗಾಳಿ, ಚಿನ್ನ ತೆಗೆದು ಉಳಿದ ಮಣ್ಣು ರಾಶಿಬಿದ್ದ ಸೈನೈಡ್ ದಿಬ್ಬದಿಂದ ಏಳುವ ಧೂಳು, ಬೀಡಿ. ಡಾಕ್ಟರು ಯಾವುದನ್ನೂ ಬಿಡದೆ ಹೇಳಿದರು. ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದಕ್ಕೆ ಕೂರಬೇಕು. ಸೆಲ್ವಿ ಏಣಿಯ ಕೆಲಸ ಬಿಡಿಸಿದಳು. ನೆಲದಲ್ಲಿ ಕೂತು ಮಾಡುವ ಕೆಲಸ ಮಾತ್ರ ಒಪ್ಪಿಕೊಳ್ಳಬೇಕು ಎಂದು ಕರಾರು ಹಾಕಿದಳು. ಎರಡು ಸಾವಿರದ ಇಪ್ಪತ್ನಾಲ್ಕರ ಮಾರ್ಚಿನಲ್ಲಿ ಕೊತ್ತಿಂಡ್ಲಿನ ಅಂಗನವಾಡಿ ಗೋಡೆಗೆ ಗಿಣಿ, ಮೊಲ, ಒಂದರಿಂದ ಹತ್ತು ಬರೆಯುವ ಕೆಲಸ ಸಿಕ್ಕಾಗ ಅವಳೇ ಬಸ್ಸು ಹತ್ತಿಸಿದಳು. ಮಕ್ಕಳ ಎತ್ತರಕ್ಕೆ ಬರೆಯುವುದಲ್ಲವಾ, ಕೂತೇ ಬರೆಯಬಹುದು.

ಅಂಗನವಾಡಿಯ ಎದುರು ಮನೆ ಆದಿಲಕ್ಷ್ಮಮ್ಮನದು. ಎಪ್ಪತ್ತರ ಹತ್ತಿರದ ಹೆಂಗಸು, ಕುರಿ ಸಾಕಿದವಳು, ಬಾಯಿ ತುಂಬ ತೆಲುಗು ಬೆರೆತ ಕನ್ನಡ. ಬಿಸಿಲು ಏರುವ ಹೊತ್ತಿಗೆ ಮಜ್ಜಿಗೆ ತಂದುಕೊಟ್ಟು, ತೋಳಿಗೆ ಮೆತ್ತಿದ ಹಸಿರು ಬಣ್ಣ ನೋಡಿ, ಗಿಣಿ ಗೋಡೆ ಮ್ಯಾಲ್ ಬರೀತೀಯೋ ಮೈಮ್ಯಾಲ್ ಬರ್ಕಂತೀಯೋ ನಾಯನಾ, ಅಂದಳು. ಅವಳ ಜಗಲಿಯ ಗೋಡೆಗೆ ಒಂದು ಮೊಳೆ, ಮೊಳೆಗೆ ದಾರ, ದಾರದಲ್ಲಿ ಒಂದು ಉದ್ದನೆಯ ಪುಸ್ತಕ ನೇತಾಡುತ್ತಿತ್ತು. ಪೆರುಮಾಳ್‌ಗೆ ಅದು ಯಾವುದೆಂದು ದೂರದಿಂದಲೇ ಗೊತ್ತಾಯಿತು. ಬೀಟ್ ಪುಸ್ತಕ. ಗಸ್ತಿಗೆ ಬಂದ ಪೊಲೀಸ್ ಬಂದೆ ಎನ್ನುವುದಕ್ಕೆ ಅದರಲ್ಲಿ ಸಹಿ ಹಾಕಿ ಹೋಗಬೇಕು. ಪ್ರತಿ ಊರಿನಲ್ಲೂ ಒಬ್ಬರ ಮನೆಯಲ್ಲಿ ಅದು ಇರುತ್ತದೆ. ಕೈ ಒರೆಸಿಕೊಂಡು ಎದ್ದು ಹೋಗಿ ತೆರೆದು ನೋಡಿದ. ಕೊನೆಯ ಸಹಿ ಎರಡು ಸಾವಿರದ ಹನ್ನೆರಡರದು. ಆಮೇಲಿನ ಹಾಳೆಗಳೆಲ್ಲ ಖಾಲಿ. ಅಂಚು ಇಲಿ ತಿಂದಿತ್ತು.

ಪೊಲೀಸರು ಬರುವುದಿಲ್ಲವಾ ಎಂದು ಕೇಳಿದ್ದಕ್ಕೆ ಅವಳು ಎಲ್ಲ ಹೇಳಿದಳು.

ಮೊಮ್ಮಗಳು ಲಿಖಿತ ಬಂಗಾರಪೇಟೆಯಲ್ಲಿ ಮೊದಲ ವರ್ಷದ ಪಿಯುಸಿ ಮುಗಿಸಿದ್ದಾಳೆ, ನೂರಕ್ಕೆ ತೊಂಬತ್ತು. ಅಪ್ಪ ಅಮ್ಮ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೂಲಿ. ಹುಡುಗಿ ಬಸ್ಸಿಗೆ ಎರಡು ಮೈಲಿ ನಡೆಯಬೇಕು, ಜಲ್ಲಿ ಕ್ರಷರ್ ರಸ್ತೆಯಲ್ಲಿ. ದೀಪಾವಳಿಯಿಂದ ಈಚೆಗೆ ಮೂವರು ಬೈಕಿನಲ್ಲಿ ದಾರಿಗೆ ಅಡ್ಡ ನಿಲ್ಲುತ್ತಾರೆ. ಮೊದಲು ಮಾತು, ಆಮೇಲೆ ಫೋನ್ ನಂಬರು, ಒಂದು ದಿನ ಬ್ಯಾಗು ಕಿತ್ತುಕೊಂಡು ಕ್ವಾರಿ ಗುಂಡಿಗೆ ಎಸೆದರು. ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಹುಣಸೆಕುಂಟೆ ಠಾಣೆಗೆ ಹೋದಳು. ಅಲ್ಲಿದ್ದ ಪೊಲೀಸಪ್ಪ ಪೆನ್ನಿನಲ್ಲಿ ಗೋಡೆಯ ನಕ್ಷೆ ತೋರಿಸಿ, ನೋಡಮ್ಮ, ನಿಮ್ಮೂರು ಗೀಟಿನಿಂದಾಚೆಗಿದೆ, ಅದು ಕೋಲಾರದ ಲಿಮಿಟ್ಟು, ಚಿಕ್ಕರಾಚಪುರಕ್ಕೆ ಹೋಗಿ ಅಂದ. ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋದರು. ಅವರು ಪುಸ್ತಕ ತಿರುವಿ, ನಿಮ್ಮ ಊರು ನಮ್ಮದಲ್ಲ ಕೆಜಿಎಫ್‌ದು ಅಂದರು. ನೂರಾ ಹನ್ನೆರಡಕ್ಕೆ ಫೋನ್ ಮಾಡಿದರೆ ಗಾಡಿ ಯಾವ ಕಡೆಯಿಂದ ಬರಬೇಕೆಂದು ಎರಡೂ ಠಾಣೆಯವರು ಕೇಳಿಕೊಳ್ಳುವಷ್ಟರಲ್ಲಿ ಬೈಕಿನವರು ಮನೆ ಸೇರಿರುತ್ತಿದ್ದರು.

"ರೇಷನ್‌ಗೆ ಒಂದೂರು, ವೋಟ್‌ಗೆ ಒಂದೂರು, ಕೂಗಾಡ್ಕಂಡ್ರೆ ಯಾವೂರೂ ಇಲ್ಲ ನಮ್ಗೆ," ಅಂದಳು ಆದಿಲಕ್ಷ್ಮಮ್ಮ. "ಜೂನ್ ಒಂದ್ಕೆ ಕಾಲೇಜು. ಅಷ್ಟ್ರೊಳ್ಗೆ ಆ ದಾರೀಗೆ ಒಬ್ಬ ಪೊಲೀಸು ಬಂದ್ರೆ ಕಳಿಸ್ತೀನಿ. ಇಲ್ದಿದ್ರೆ ಉಡುಗೀನ ಓದಿದ್ದು ಸಾಕು ಅಂತ ಬಿಡುಸ್ತೀನಿ. ನಮ್ಮ ನೆಂಟ ಕೋದಂಡಪ್ಪ ಗಂಡು ನೋಡ್ತಾನೇ ಅವ್ನೆ."

ಒಳಗಿನಿಂದ ಲಿಖಿತ, ಅವ್ನು ನೋಡ್ಲಿ, ನಾನ್ ನೋಡೋಲ್ಲ, ಅಂದಳು.

ಪೆರುಮಾಳ್ ಅಲ್ಲಿಂದ ಬಂದು ಗೋಡೆಯ ಮುಂದೆ ಕೂತ. ಗಿಣಿ ಪೂರ್ತಿಯಾಗಿತ್ತು, ಕಣ್ಣು ಮಾತ್ರ ಬಾಕಿ. ಎತ್ತಿದ ಬ್ರಷ್ಷನ್ನು ಹಾಗೇ ಕೆಳಗಿಟ್ಟ. ನಾಳೆ ಬರುತ್ತೇನೆಂದು ಹೇಳಿ ಡಬ್ಬಗಳನ್ನು ಕಟ್ಟಿಕೊಂಡು ಬಸ್ಸು ಹತ್ತಿದ. ಮಜ್ಜಿಗೆಯ ಲೋಟ ಅರ್ಧ ಹಾಗೇ ಇತ್ತು.

ಸೀದಾ ಹೋದದ್ದು ಕಾಂತರಾಜನ ಮನೆಗೆ. ಅವನು ನಿವೃತ್ತನಾಗಿ ಆಂಡರ್ಸನ್‌ಪೇಟೆಯಲ್ಲೇ ಇದ್ದ. ಪೆರುಮಾಳ್ ಉಸಿರು ಸಿಕ್ಕ ಹಾಗೆಲ್ಲ ಒಂದೊಂದು ತುಂಡು ಹೇಳಿದ. ಕಾಂತರಾಜ್ ಮೊದಲು ನಂಬಲಿಲ್ಲ. ಆಮೇಲೆ ಹುಣಸೆಕುಂಟೆಯ ಹಳಬರಿಗೆ ಫೋನ್ ಹಚ್ಚಿ ಒಂದೊಂದೇ ಎಳೆ ಬಿಡಿಸಿದ. ಎರಡು ಸಾವಿರದ ಹನ್ನೆರಡರಲ್ಲಿ ಗೋಡೆಯ ನಕ್ಷೆಯ ಫೋಟೋ ತೆಗೆದು ಫ್ಲೆಕ್ಸ್ ಮಾಡಿಸಿ ಅದರ ಮೇಲೆಯೇ ಹೊಡೆದಿದ್ದರು. ಫ್ಲೆಕ್ಸ್ ಅಂಗಡಿಯವನು ಫೋಟೋದಲ್ಲಿ ಮೀಟರ್ ಡಬ್ಬಿ ಅಂದಗೆಟ್ಟು ಕಾಣುತ್ತದೆಂದು ಅದನ್ನು ಅಳಿಸಿ, ಆ ಜಾಗಕ್ಕೆ ಪಕ್ಕದ ಠಾಣೆಯ ತಿಳಿನೀಲಿ ಬಣ್ಣ ತುಂಬಿದ್ದ. ಡಬ್ಬಿ ಹೋಯಿತು, ಅದನ್ನು ಬಳಸಿ ಬಂದಿದ್ದ ಗೀಟು ಉಳಿಯಿತು. ಗಸ್ತಿನ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದವರು ಫ್ಲೆಕ್ಸ್ ನೋಡಿ ಹಾಕಿದರು.

"ಗೀಟು ನಂದು, ರೈಟರ್ ಸಾರ್," ಅಂದ ಪೆರುಮಾಳ್.

ಕಾಂತರಾಜ್ ಕನ್ನಡಕ ಹಾಕಿಕೊಂಡು ಬಿಳಿ ಕಾಗದ ತೆಗೆದ. ಮೂವತ್ತು ವರ್ಷ ಬೇರೆಯವರ ದೂರು ಬರೆದ ಕೈ. ಎಸ್ಪಿ ಕಚೇರಿಗೆ ಅರ್ಜಿ ಸಿದ್ಧವಾಯಿತು: ಕೊತ್ತಿಂಡ್ಲು ಗ್ರಾಮವನ್ನು ಹುಣಸೆಕುಂಟೆ ಠಾಣಾ ವ್ಯಾಪ್ತಿಗೆ ಸೇರಿಸಿಕೊಡಬೇಕಾಗಿ ವಿನಂತಿ. ಅರ್ಜಿದಾರಳು ಆದಿಲಕ್ಷ್ಮಮ್ಮ. ಗೀಟಿನ ವಿಷಯ ಅದರಲ್ಲಿ ಬರಲಿಲ್ಲ. ಪೇಂಟರ್ ತಪ್ಪಿನಿಂದ ಸರಹದ್ದು ಬದಲಾಯಿತು ಅಂತ ಬರೆದರೆ ಕಚೇರಿಯಲ್ಲಿ ಓದಿ ನಗುತ್ತಾರೆ ಎಂದ ಕಾಂತರಾಜ್. ಹೆಬ್ಬೆಟ್ಟು ಹಾಕಿಸಿಕೊಳ್ಳಲು ಕೊತ್ತಿಂಡ್ಲಿಗೆ ಅವನೇ ಹೋದ. ಪೆರುಮಾಳ್ ಜೊತೆಗೆ ಹೋಗಲಿಲ್ಲ. ಎದೆ ಸರಿಯಿಲ್ಲ ಅಂದ.

ಏಪ್ರಿಲ್ ಕಳೆಯಿತು. ಚುನಾವಣೆಯ ಬಂದೋಬಸ್ತು, ಯಾರನ್ನೂ ಕೇಳುವ ಹಾಗಿಲ್ಲ. ಮೇ ತಿಂಗಳ ಮಧ್ಯದಲ್ಲಿ ಉತ್ತರ ಬಂತು. ಅರ್ಧ ಪುಟ. ಕೊತ್ತಿಂಡ್ಲು ಗೆಜೆಟ್ ಪ್ರಕಾರ ಮೊದಲಿನಿಂದಲೂ ಹುಣಸೆಕುಂಟೆ ಠಾಣೆಯ ವ್ಯಾಪ್ತಿಯಲ್ಲಿಯೇ ಇರುವುದರಿಂದ ಯಾವುದೇ ಬದಲಾವಣೆಯ ಅಗತ್ಯ ಕಂಡುಬರುವುದಿಲ್ಲ, ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

ಕಾಂತರಾಜ್ ಅದನ್ನು ಎರಡು ಸಲ ಓದಿ ಟೀ ಲೋಟದ ಕೆಳಗಿಟ್ಟ. ತಪ್ಪೇ ಇಲ್ಲದ ಕಡೆ ತಿದ್ದುವುದು ಏನನ್ನು? ಕಾಗದದಲ್ಲಿ ಊರು ಒಂದು ಅಂಗುಲವೂ ಅಲ್ಲಾಡಿರಲಿಲ್ಲ. ಮೇಲಿನವರಿಗೆ ಗೆಜೆಟ್ ಇತ್ತು, ಕೆಳಗಿನವರಿಗೆ ಗೋಡೆ ಇತ್ತು. ಅವೆರಡೂ ಒಂದನ್ನೊಂದು ನೋಡಿರಲಿಲ್ಲ. ಕೋರ್ಟಿಗೆ ಹೋಗೋಣವಾ, ಪೇಪರಿನವರಿಗೆ ಹೇಳೋಣವಾ ಎಂದೆಲ್ಲ ಕಾಂತರಾಜ್ ಯೋಚಿಸುತ್ತಿದ್ದ. ಪೆರುಮಾಳ್ ಕಾಗದವನ್ನು ಲೋಟದ ಕೆಳಗಿನಿಂದ ಎಳೆದುಕೊಂಡು ಮಡಚಿ ಜೇಬಿಗಿಟ್ಟ, ಮೊದಲು ನಕ್ಷೆ ಇಡುತ್ತಿದ್ದ ಜೇಬಿಗೆ.

ಎರಡು ದಿನ ಬಿಟ್ಟು ಅವನು ಹುಣಸೆಕುಂಟೆ ಠಾಣೆಗೆ ಹೋದ. ಜೊತೆಗೆ ಕಾಂತರಾಜ್, ಹಿಂದೆ ಉಸಿರಿನ ಔಷಧಿಯ ಪಂಪು ಹಿಡಿದುಕೊಂಡು ಸೆಲ್ವಿ. ಇವರು ಮನೆಯಲ್ಲಿ ಸತ್ತರೂ ಪರವಾಯಿಲ್ಲ, ಠಾಣೆಯಲ್ಲಿ ಸತ್ತರೆ ಪೋಸ್ಟ್‌ಮಾರ್ಟಂ ಅಂತಾರೆ, ಅದಕ್ಕೆ ಬಂದೆ, ಎಂದು ಸೆಲ್ವಿ ಬಸ್ಸಿನಲ್ಲಿ ಕಾಂತರಾಜ್‌ಗೆ ತಮಿಳಿನಲ್ಲಿ ಹೇಳಿದ್ದಳು. ಪೆರುಮಾಳ್ ಕಿಟಕಿಯ ಕಡೆ ಮುಖ ಮಾಡಿ ನಕ್ಕಿದ್ದ.

ಸಬ್‌ಇನ್‌ಸ್ಪೆಕ್ಟರ್ ದಿವ್ಯ ಮೂವತ್ತರೊಳಗಿನ ಹೆಣ್ಣುಮಗಳು, ಬಂದು ಐದು ತಿಂಗಳಾಗಿತ್ತು. ಕಾಗದ ಓದಿದಳು. ತಲೆಯೆತ್ತಿ ಗೋಡೆಯ ಮೇಲಿನ ಫ್ಲೆಕ್ಸ್ ನೋಡಿದಳು. ಕಾನ್‌ಸ್ಟೇಬಲ್ ನರೇಶ್‌ನನ್ನು ಕರೆದು ಕೊತ್ತಿಂಡ್ಲು ಯಾರ ಬೀಟು ಎಂದು ಕೇಳಿದಳು. ನರೇಶ್, ನಮ್ದಲ್ಲ ಮೇಡಂ, ಚಿಕ್ಕರಾಚಪುರ, ಅಂದ. ಕಾಗದ ಅವನ ಕೈಗೆ ಹೋಯಿತು. ಓದಿ ಅವನೂ ಗೋಡೆ ನೋಡಿದ. ಜನವರಿಯಲ್ಲಿ ಒಬ್ಬ ಮುದುಕಿಗೂ ಕಾಲೇಜು ಹುಡುಗಿಗೂ ಪೆನ್ನು ತೋರಿಸಿ ಕಳಿಸಿದವನು ಅವನೇ. ಅವನ ಕಿವಿ ಕೆಂಪಾಯಿತು.

ಆದರೂ ಅವನು ಸುಮ್ಮನಿರಲಿಲ್ಲ. ಅವನ ಲೆಕ್ಕವೂ ಸುಳ್ಳಲ್ಲ. ಮಂಜೂರಾದ ಹುದ್ದೆ ಮೂವತ್ತಮೂರು, ಇರುವವರು ಹದಿನಾಲ್ಕು ಜನ. ಅದರಲ್ಲಿ ಇಬ್ಬರು ಕೋರ್ಟಿಗೆ, ಇಬ್ಬರು ಬೆಂಗಳೂರಿನ ಬಂದೋಬಸ್ತಿಗೆ. ಅರವತ್ತೊಂದು ಊರು, ಒಂದು ಜೀಪು. ಇರುವ ಊರುಗಳಿಗೇ ವಾರಕ್ಕೊಂದು ಸಲ ಹೋಗಲು ಆಗುತ್ತಿಲ್ಲ, ಇನ್ನೊಂದು ಊರು ಎಲ್ಲಿಗೆ ಹಾಕಿಕೊಳ್ಳೋದು ಮೇಡಂ, ಅಂದ. ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಲೇಬೇಕು, ಲಿಮಿಟ್ಟು ಆಮೇಲಿನ ಮಾತು, ಅದು ಕಾನೂನು ಎಂದಳು ದಿವ್ಯ. ನರೇಶ್ ತಲೆಯಾಡಿಸಿದ. ಕಾನೂನು ಅವನಿಗೂ ಗೊತ್ತಿತ್ತು.

"ಇದು ಹೀಗಾದದ್ದು ಹೇಗೆ?" ಎಂದು ಅವಳು ಕೇಳಿದಳು.

ಕಾಂತರಾಜ್ ಬಾಯಿ ತೆರೆದ. ಅವನು ಹೇಳಬೇಕೆಂದಿದ್ದದ್ದು ಫ್ಲೆಕ್ಸ್ ಅಂಗಡಿಯವನ ಹೆಸರು. ಅಷ್ಟರಲ್ಲಿ ಪೆರುಮಾಳ್ ಎದ್ದು ನಿಂತಿದ್ದ.

"ನಾನ್ ಮಾಡಿದ್ದು ಮೇಡಂ. ಅಲ್ಲಿ ಮೀಟರ್ ಡಬ್ಬಿ ಇತ್ತು. ಡಬ್ಬಿ ಬಿಟ್ಟು ಗೀಟು ಹಾಕ್ದೆ. ಊರು ಆಚೆ ಬಿದ್ದೋಯ್ತು."

ನರೇಶ್‌ಗೆ ನಗು ಬಂದು, ಸೆಲ್ವಿಯ ಮುಖ ನೋಡಿ ನುಂಗಿಕೊಂಡ. ಪೆರುಮಾಳ್ ತನ್ನ ಹಳೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಎಲ್ಲ ಇತ್ತು: ಕೆರೆ ಕೋಡಿ, ಎರಡು ಹುಣಸೆ, ಮುರಿದ ಗಡಿಕಲ್ಲು, ಅದರ ಈಚೆಗೆ ಕೊತ್ತಿಂಡ್ಲು, ಪಕ್ಕದಲ್ಲಿ 'ಆ.ಲ. ಮನೆ - ಪುಸ್ತಕ', ಎಂದರೆ ಆದಿಲಕ್ಷ್ಮಮ್ಮನ ಮನೆಯ ಬೀಟ್ ಪುಸ್ತಕ. ಫ್ಲೆಕ್ಸ್ ತೆಗೆಸಿಕೊಟ್ಟರೆ ಹಳೆಯ ಗೋಡೆಯ ಮೇಲೆ ಗೀಟು ಸರಿ ಮಾಡಿಕೊಡುತ್ತೇನೆ ಎಂದು ಕೇಳಿದ.

ದಿವ್ಯ ಸ್ವಲ್ಪ ಹೊತ್ತು ನೋಟ್‌ಬುಕ್ ತಿರುವಿದಳು. "ಗೋಡೆ ನೀವು ಮಾಡಿ. ಬೀಟ್ ಪಟ್ಟಿ ನಾನು ಮಾಡ್ತೀನಿ," ಅಂದಳು.

ನರೇಶನೇ ಫ್ಲೆಕ್ಸಿನ ಮೊಳೆ ಕಿತ್ತ. ಕೆಳಗೆ ಹದಿನೈದು ವರ್ಷದ ಹಿಂದಿನ ನಕ್ಷೆ ಹಾಗೇ ಇತ್ತು. ಬಿಸಿಲು ಕಾಣದೆ ಬಣ್ಣ ಮಾಸಿರಲಿಲ್ಲ. ಮೀಟರ್ ಡಬ್ಬಿಯನ್ನು ಫ್ಲೆಕ್ಸ್ ಹೊಡೆಯುವ ಮುಂಚೆಯೇ ಹೊರಗೆ ಸಾಗಿಸಿದ್ದರು. ಅದಿದ್ದ ಜಾಗ ಒಂದು ಬಿಳಿ ಚೌಕ, ನಾಲ್ಕು ತೂತು. ಬಾಗಿಲ ಪಕ್ಕದ ನಾಲ್ಕು ಬೆರಳಿನ ಜಾಗದಲ್ಲಿ ಸಣ್ಣಕ್ಷರದಲ್ಲಿ ಕೊತ್ತಿಂಡ್ಲು. ಪೆರುಮಾಳ್ ಅದನ್ನು ಉಗುರಿನಿಂದ ಸವರಿದ. ಕುರ್ಚಿ ಹತ್ತಬೇಕಾಯಿತು. ಸೆಲ್ವಿ ಬೈಯುತ್ತಲೇ ಕುರ್ಚಿ ಹಿಡಿದುಕೊಂಡಳು. ನಾಲ್ಕು ಕೂದಲಿನ ಬ್ರಷ್ಷಿನ ಟೊಪ್ಪಿಗೆ ತೆಗೆದು ಅವನು ಗೀಟನ್ನು ಡಬ್ಬಿಯಿದ್ದ ಜಾಗದ ಎಡದಿಂದ ಹೊಸದಾಗಿ ತಂದ. ಒಂದು ಗೇಣು ಗೀಟಿಗೆ ಮೂರು ಸಲ ಇಳಿದು ಪಂಪು ಎಳೆದುಕೊಂಡ. ಬಿಳಿ ಚೌಕದ ಒಳಗೆ ಹುಣಸೆಕುಂಟೆ ಪಾಲಿನ ತಿಳಿಹಳದಿ ತುಂಬಿ, ನಡುವೆ ಕೊತ್ತಿಂಡ್ಲು ಎಂದು ಬೇರೆ ಊರುಗಳಿಗಿಂತ ಒಂದು ಕೂದಲು ದಪ್ಪಕ್ಷರದಲ್ಲಿ ಬರೆದ. ಆಮೇಲೆ ತಪ್ಪು ಗೀಟನ್ನೂ ಬಾಗಿಲ ಪಕ್ಕದ ಸಣ್ಣ ಹೆಸರನ್ನೂ ಅಳಿಸಿದ. ಮುಗಿಯುವ ಹೊತ್ತಿಗೆ ಅವನ ಅಂಗಿ ಒದ್ದೆಯಾಗಿತ್ತು.

ಮನೆಗೆ ಹೋಗೋಣ ಎಂದರೆ ಕೇಳಲಿಲ್ಲ. ಆಟೋ ಮಾಡಿಸಿಕೊಂಡು ಕೊತ್ತಿಂಡ್ಲಿಗೆ ಹೋದ. ಈ ಸಲ ಕಾಂತರಾಜ್ ಒಳಗೆ ಬರಲಿಲ್ಲ, ಆಟೋದ ಹತ್ತಿರವೇ ನಿಂತ. ಜಗಲಿಯ ಮೇಲೆ ಕೂತು ಪೆರುಮಾಳ್ ಮೊದಲು ಒಳ್ಳೆಯ ಸುದ್ದಿ ಹೇಳಿದ, ಆಮೇಲೆ ತನ್ನದನ್ನು. ಆದಿಲಕ್ಷ್ಮಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಅನ್ನೆರಡು ವರ್ಷ ಒಂದು ಡಬ್ಬೀನ ಸುತ್ತಾಕ್ಕಂಡು ತಿರುಗಿದ್ವಾ ನಾವು?"

ಅವನು ಹೂಂ ಅಂದ.

ಅವಳು ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಆ ದಿನ ಮಜ್ಜಿಗೆ ಬರಲಿಲ್ಲ. ಅವನು ಹೊರಡುವ ಮುಂಚೆ ಬಾಕಿ ಇರುವ ಗಿಣಿಯ ಕಣ್ಣು ಬರೆದುಬಿಡುತ್ತೇನೆಂದು ಡಬ್ಬ ತೆಗೆದಾಗ ಮಾತ್ರ ಬೇಡ ಎಂದು ಕೈ ಅಡ್ಡ ಹಿಡಿದಳು.

"ಈಗ್ಲೇ ಬ್ಯಾಡ. ಒಂದ್ನೇ ತಾರೀಕು ಪೊಲೀಸಪ್ಪ ಬರ್ಲಿ. ಗೋಡೆ ಮ್ಯಾಲೆ ಗೀಟಾಕುದ್ರೆ ದಾರೀಗೆ ಮನುಷ್ಯ ಬತ್ತಾನಾ ನೋಡೋಣ. ಬಂದ್ಮ್ಯಾಲೆ ಬಂದು ಕಣ್ಣು ಬರೀವಂತೆ."

ಒಂದನೆಯ ತಾರೀಕು ಯಾರೂ ಬರಲಿಲ್ಲ. ಎರಡು, ಮೂರನೆಯದೂ ಹಾಗೇ. ಮತ ಎಣಿಕೆಯ ಬಂದೋಬಸ್ತಿಗೆ ಠಾಣೆಯ ಮುಕ್ಕಾಲು ಪಾಲು ಜನ ಹೋಗಿದ್ದರು. ಪೆರುಮಾಳ್ ಆಗಲೇ ಹಾಸಿಗೆ ಹಿಡಿದಿದ್ದ, ಮೂಗಿಗೆ ಆಕ್ಸಿಜನ್ ಕೊಳವೆ. ದಿನಾ ಬೆಳಿಗ್ಗೆ ಏಳೂವರೆಗೆ ಸೆಲ್ವಿಯಿಂದ ಫೋನ್ ಹಚ್ಚಿಸಿ ಲಿಖಿತಳನ್ನು ಕೇಳುತ್ತಿದ್ದ. ಇಲ್ಲ ಅಂಕಲ್ ಅನ್ನುತ್ತಿದ್ದಳು. ಕೋದಂಡಪ್ಪ ಯಾರನ್ನೋ ಭಾನುವಾರ ಕರೆದುಕೊಂಡು ಬರುತ್ತಾನಂತೆ ಎಂದೂ ಒಂದು ದಿನ ಹೇಳಿದಳು. ಕಾಂತರಾಜ್ ದಿವ್ಯಳಿಗೆ ಫೋನ್ ಮಾಡುತ್ತೇನೆಂದರೆ ಪೆರುಮಾಳ್ ಬೇಡವೆಂದ. ಅವಳು ಹೇಳಿದ್ದಾಳೆ, ಮಾಡುತ್ತಾಳೆ. ಹಾಗೆಂದು ಗೋಡೆಯ ಕಡೆ ತಿರುಗಿ ಮಲಗಿದ.

ಐದನೆಯ ತಾರೀಕು ಫೋನ್ ಲಿಖಿತಳೇ ಮಾಡಿದಳು, ಎಂಟು ಗಂಟೆಗೆ.

"ಅಂಕಲ್, ಬಸ್ಸಲ್ಲಿದೀನಿ."

ಹಿಂದೆ ಕಂಡಕ್ಟರನ ಸೀಟಿ ಕೇಳಿಸಿತು. ನರೇಶ್ ತನ್ನ ಸ್ವಂತ ಬೈಕಿನಲ್ಲಿ ಬಂದಿದ್ದನಂತೆ. ಮೊಳೆಯಿಂದ ಪುಸ್ತಕ ತೆಗೆದು ಇಲಿ ತಿಂದ ಹಾಳೆ ಬಿಟ್ಟು ಮುಂದಿನದರಲ್ಲಿ ಸಹಿ ಹಾಕಿದ. ಆದಿಲಕ್ಷ್ಮಮ್ಮನಿಗೆ ಜನವರಿಯದು ತಪ್ಪಾಯಿತಮ್ಮ ಅಂದ, ಅವಳು ಪೆನ್ನು ಒಳಗಿಟ್ಟು ಮಾತಾಡು ಅಂದಳು. ಲಿಖಿತ ನಡೆದುಕೊಂಡು ಮುಂದೆ, ಅವನು ನಿಧಾನವಾಗಿ ಬೈಕಿನಲ್ಲಿ ಹಿಂದೆ. ಕ್ರಷರ್ ತಿರುವಿನಲ್ಲಿ ಮೂವರೂ ಇದ್ದರು. ಅವನು ಬೈಕ್ ನಿಲ್ಲಿಸಿ ಅವರ ಹೆಸರು, ಅಪ್ಪನ ಹೆಸರು, ಗಾಡಿ ನಂಬರು ಬರೆದುಕೊಂಡ. ಬೇರೇನೂ ಮಾಡಲಿಲ್ಲ. ಸಂಜೆ ದಿವ್ಯ ಲಿಖಿತಳಿಂದಲೇ ದೂರು ಬರೆಸಿಕೊಂಡಳು. ಮಾರನೆಯ ದಿನದಿಂದ ಆ ತಿರುವು ಖಾಲಿ.

ನರೇಶ್ ದಿನಾ ಬರುತ್ತಾನೆಂದಲ್ಲ. ವಾರಕ್ಕೆ ಮೂರು ದಿನ, ಕೆಲವು ಸಲ ಎರಡು. ಜೀಪು ಇನ್ನೂ ಒಂದೇ. ಆದರೂ ಯಾವ ದಿನ ಬರುತ್ತಾನೆ ಎನ್ನುವುದು ಯಾರಿಗೂ ಗೊತ್ತಿಲ್ಲವಾದ್ದರಿಂದ ಅಷ್ಟೇ ಸಾಕಾಯಿತು.

ಆಷಾಢದಲ್ಲಿ ಆದಿಲಕ್ಷ್ಮಮ್ಮ ಒಬ್ಬಳೇ ಬಸ್ಸು ಹಿಡಿದು, ವಿಳಾಸ ಕೇಳಿಕೊಂಡು, ಲೈನ್ ಮನೆಗೆ ಬಂದಳು. ತಂಬಿಗೆಯಲ್ಲಿ ಮಜ್ಜಿಗೆ. ಪೆರುಮಾಳ್ ಎರಡು ಚಮಚ ಕುಡಿದ. ಗಿಣಿ ಕುರ್ಡಾಗೇ ಐತೆ, ಮಕ್ಳು ಅದ್ನ ಗುಡ್ಡಿ ಗಿಣಿ ಅಂತಾವೆ, ಯಾವಾಗ್ ಬತ್ತೀಯ, ಎಂದು ಕೇಳಿದಳು. ಬರ್ತೀನಮ್ಮ, ಉಸಿರು ಬರಲಿ ಅಂದ. ಅವಳು ಅವನ ಪಾದವನ್ನು ಒಂದು ಸಲ ಒತ್ತಿ ಎದ್ದು ಹೋದಳು.

ಉಸಿರು ಬರಲಿಲ್ಲ. ಗಣೇಶನ ಹಬ್ಬದ ಮಾರನೆಯ ವಾರ, ಬೆಳಿಗ್ಗೆ, ಕಾಂತರಾಜ್ ಪೇಪರು ಓದಿ ಹೇಳುತ್ತಿದ್ದಾಗ, ಅವನು ಹೋದ. ಒಂದು ಸುದ್ದಿಯ ನಡುವೆ ಕಾಂತರಾಜ್ ತಲೆಯೆತ್ತಿ ನೋಡಿದ, ಕೇಳುವವರಿರಲಿಲ್ಲ. ಮಣ್ಣಿಗೆ ಹಾಕುವಾಗ ಕೊತ್ತಿಂಡ್ಲಿನಿಂದ ಹನ್ನೊಂದು ಜನ ಬಂದಿದ್ದರು. ನರೇಶ್ ಮಫ್ತಿಯಲ್ಲಿ ಬಂದು ದೂರದಲ್ಲಿ ನಿಂತು ಹೋದ.

ಬ್ರಷ್ಷುಗಳು ಒಣಗಿದ ಮೇಲೆ ಸೆಲ್ವಿ ಹದಿನಾರನ್ನು ಪೆಟ್ಟಿಗೆಗೆ ಹಾಕಿದಳು. ನಾಲ್ಕು ಕೂದಲಿನದ್ದನ್ನು ಟೊಪ್ಪಿಗೆ ಸಮೇತ ಸೆರಗಿಗೆ ಕಟ್ಟಿಕೊಂಡು, ಕರಿ ಎನಾಮಲ್ಲಿನ ಸಣ್ಣ ಡಬ್ಬ ಹಿಡಿದು, ಮಾರನೆಯ ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋದಳು. ಮೂವತ್ತು ವರ್ಷ ಪೇಂಟರನ ಜೊತೆ ಬಾಳಿದವಳು ಬ್ರಷ್ಷು ಹಿಡಿದದ್ದು ಅದೇ ಮೊದಲು. ಅಂಗನವಾಡಿಯ ಮಕ್ಕಳು ಸುತ್ತ ನಿಂತಿದ್ದರು. ಒಂದು ಚುಕ್ಕೆ ಇಟ್ಟಳು. ಕಣ್ಣು ಬೇಕಾದ್ದಕ್ಕಿಂತ ದೊಡ್ಡದಾಗಿ, ಒಂದು ಕಡೆಗೆ ವಾಲಿತು. ಏನನ್ನೋ ಕಂಡು ಬೆಚ್ಚಿದ ಹಾಗೆ ಆ ಗಿಣಿ ರಸ್ತೆಯ ಕಡೆ ನೋಡುತ್ತದೆ. ಒರೆಸಿ ಬರೆಯುತ್ತೇನೆಂದರೆ ಆದಿಲಕ್ಷ್ಮಮ್ಮ ಬಿಡಲಿಲ್ಲ. ಇರ್ಲಿ ಬಿಡಮ್ಮಾ, ನೋಡ್ತಾ ಇರ್ಲಿ, ಅಂದಳು.

ಎದುರು ಜಗಲಿಯ ಮುಂದೆ ನರೇಶ್ ಬೈಕಿನ ಮೇಲೆಯೇ ಕೂತು ಪುಸ್ತಕಕ್ಕೆ ಸಹಿ ಹಾಕುತ್ತಿದ್ದ. ಲಿಖಿತ ಬ್ಯಾಗು ಹೆಗಲಿಗೇರಿಸಿ ಆಗಲೇ ರಸ್ತೆಗಿಳಿದಿದ್ದಳು.